ನಂದಿಯ ಗುಡಿ ಕಟ್ಟಿಸಿದ್ದು ಯಾರು?

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯವರಿಗೆ ಶಿವರಾತ್ರಿ ತೇರಿಗೆಂದು ನಂದಿಗೆ ಹೋಗುವುದು ತಲೆಮಾರುಗಳ ರೂಢಿ. ಬೆಟ್ಟದ ಮಂಜು ನೋಡಲು ಬೆಂಗಳೂರಿನಿಂದ ಬಂದವರೂ ಇಳಿದ ಮೇಲೆ ತಪ್ಪಲಿನ ಭೋಗನಂದೀಶ್ವರನ ಗುಡಿಯಲ್ಲಿ ಒಂದು ಸುತ್ತು ಹಾಕುತ್ತಾರೆ. ಬಂದವರು ಮೊದಲು ಕೇಳುವುದು ಒಂದೇ ಮಾತು: ಇದನ್ನು ಕಟ್ಟಿಸಿದ ರಾಜ ಯಾರು? ಕೇಳುವುದು ಸಹಜವೇ. ಆದರೆ ಒಂದು ಹೆಸರು ಸಿಕ್ಕಿದೊಡನೆ ನೋಡುವುದನ್ನು ನಿಲ್ಲಿಸಿಬಿಡುತ್ತೇವಲ್ಲ, ಅಲ್ಲೇ ಈ ಗುಡಿ ನಮ್ಮ ಕೈತಪ್ಪುತ್ತದೆ. ನಂದಿಯ ಗುಡಿಗೆ ಒಬ್ಬ ಕರ್ತೃ ಇಲ್ಲ. ಅದು ಶತಮಾನಗಳ ಕಾಲ ಬೆಳೆಯುತ್ತ ಬಂದ ಗುಡಿ.

ಹೆಸರೇ ಇಲ್ಲವೇ ಎಂದರೆ, ಇದೆ. ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ, ಕ್ರಿ.ಶ. 806ರ ತಾಮ್ರಪಟ ಇಲ್ಲಿನ ಶಿವಾಲಯವನ್ನು ಕಟ್ಟಿಸಿದವಳು ಬಾಣರ ರಾಣಿ ರತ್ನಾವಳಿ ಎನ್ನುತ್ತದೆ. ರಾಜ ಯಾರು ಎಂದು ಕೇಳಿದವರಿಗೆ ಸಿಗುವುದು ರಾಣಿಯ ಹೆಸರು! ನಂದಿಯ ಬೆಟ್ಟಕ್ಕೆ ಎಂಥ ಘನತೆ ಇತ್ತೆಂದರೆ, ತಲಕಾಡಿನಿಂದ ಆಳಿದ ಗಂಗರೂ 'ನಂದಗಿರಿನಾಥ' ಎಂಬ ಬಿರುದನ್ನು ಬಿಟ್ಟುಕೊಡಲಿಲ್ಲ. ಆದರೆ ರತ್ನಾವಳಿಯ ಹೆಸರಿಗೇ ನಿಂತರೆ ಕಣ್ಣೆದುರಿಗಿರುವ ಅರ್ಧ ಗುಡಿಗೆ ಲೆಕ್ಕ ಸಿಗುವುದಿಲ್ಲ. ದಕ್ಷಿಣಕ್ಕೆ ಅರುಣಾಚಲೇಶ್ವರ, ಉತ್ತರಕ್ಕೆ ಭೋಗನಂದೀಶ್ವರ, ಎರಡರ ಎದುರಿಗೂ ಒಂದೊಂದು ನಂದಿಮಂಟಪ. ಇವು ಮೊದಮೊದಲಿನ ಕೆಲಸ. ಇವುಗಳ ಗೋಡೆಯ ಜಾಲಂಧ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಗಾಳಿಬೆಳಕಿಗೆಂದು ಬಿಟ್ಟ ಕಿಂಡಿಯ ಕಲ್ಲಿನಲ್ಲೇ ಒಂದು ಕಡೆ ಶಿವ ಕುಣಿಯುತ್ತಾನೆ, ಇನ್ನೊಂದು ಕಡೆ ದುರ್ಗೆ ಕೋಣನ ತಲೆಯ ಮೇಲೆ ನಿಂತಿದ್ದಾಳೆ. ನಡುವೆ ಪುಟ್ಟದೊಂದು ಉಮಾಮಹೇಶ್ವರ ಗುಡಿ, ಅದರೆದುರು ಕಲ್ಯಾಣಮಂಟಪ. ಮಂಟಪದ ಕರಿಗಲ್ಲಿನ ಕಂಬಗಳಲ್ಲಿ ಬಳ್ಳಿಗಳು ಹಬ್ಬಿವೆ, ಗಿಣಿಗಳು ಕೂತಿವೆ. ಇದು ಬೇರೆಯದೇ ಕಾಲದ ಉಳಿಯ ಕೆಲಸ. ಇನ್ನೂ ಆಮೇಲೆ ಗೋಡೆಯೊಂದು ಎದ್ದು ಎರಡು ಗುಡಿಗಳನ್ನೂ ಬೆಸೆಯಿತು. ಅದರಿಂದಲೇ ಹೊಸಬರ ಕಣ್ಣಿಗೆ ಎಲ್ಲವೂ ಒಂದೇ ಸಲ ಕಟ್ಟಿದಂತೆ ತೋರುವುದು. ಚೋಳರು ಬಂದು ಹೋದದ್ದಕ್ಕೆ ಗುರುತಾಗಿ ಒಳಗಿನ ಅರಸನ ಮೂರ್ತಿಯೊಂದನ್ನು ತೋರಿಸಿ ರಾಜೇಂದ್ರ ಚೋಳನೆನ್ನುತ್ತಾರೆ. ವಿಜಯನಗರದ ಕಾಲಕ್ಕೆ ಹೊರಪ್ರಾಕಾರ, ಮಂಟಪಗಳು ಬಂದವು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಶೃಂಗಿತೀರ್ಥದ ಕಲ್ಯಾಣಿಯೂ ಈ ಆವರಣದ್ದೇ.

ಹೀಗೆ ಕಾಲಕಾಲಕ್ಕೆ ಬೆಳೆಯುತ್ತ ಬರುವುದು ನಮ್ಮ ಸೀಮೆಗೆ ಮಾತ್ರ ಸೇರಿದ ಸಂಗತಿಯಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯನ್ನು ಮೂರನೆಯ ಹೆನ್ರಿ 1245ರಲ್ಲಿ ಹೊಸದಾಗಿ ಕಟ್ಟಿಸತೊಡಗಿದ. ಅದರ ಪಶ್ಚಿಮದ ಜೋಡಿಗೋಪುರಗಳು ಮುಗಿದದ್ದು 1745ರಲ್ಲಿ. ನಡುವೆ ಐನೂರು ವರ್ಷ! ಅಲ್ಲಿಗೆ ಹೋದವರಿಗೆ ಯಾವ ಭಾಗ ಯಾವ ಕಾಲದ್ದೆಂದು ಬಿಡಿಸಿ ಹೇಳುತ್ತಾರೆ. ನಂದಿಯಲ್ಲೂ ಹಾಗೆ ಹೇಳುವವರು ಬೇಕು.

ಕೈ ಮುಗಿಯಲು ಬಂದವರಿಗೆ ಇಸವಿಗಳ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಅವರ ಮಾತನ್ನು ತಳ್ಳಿಹಾಕಲಾರೆ. ಗುಡಿ ಉಳಿದಿರುವುದೇ ದೀಪ ಹಚ್ಚುವವರಿಂದ. ಆದರೆ ಗುಡಿಗಳ ಶಾಸನಗಳು ಹೇಳುವುದಾದರೂ ಏನನ್ನು? ದೇವರಿಗೆ ಬಿಟ್ಟ ಭೂಮಿ, ದೀಪದ ಎಣ್ಣೆ, ನೈವೇದ್ಯದ ಅಕ್ಕಿ. ಅವು ಹಿಂದಿನ ಭಕ್ತರ ಕೈಬರಹ. ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕ ಮಾಲೆಯಲ್ಲಿ, ಆಗ ನಂದಿಯೂ ಸೇರಿದ್ದ ಕೋಲಾರ ಜಿಲ್ಲೆಯ ಶಾಸನಗಳಿಗೆ ಒಂದು ಸಂಪುಟವನ್ನೇ ಮೀಸಲಿಟ್ಟದ್ದರಿಂದ ಅವನ್ನು ಇಂದು ನಾವೂ ಓದಬಹುದು. ಓದಿದರೆ ಭಕ್ತಿ ಕಡಿಮೆಯಾಗುವುದಿಲ್ಲ, ಅದಕ್ಕೆ ಜೊತೆ ಸಿಗುತ್ತದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಎಲ್ಲ ಕಾಲದವರೂ ಸೇರಿಸುತ್ತಲೇ ಬಂದಿದ್ದಾರೆಂದರೆ, ನಮ್ಮೂರ ಹಳೆಯ ಗುಡಿಗೆ ನಾವು ಟೈಲ್ಸ್ ಹಾಕಿಸಿದರೆ, ಬಣ್ಣ ಬಳಿಸಿದರೆ ತಪ್ಪೇನು? ಉತ್ತರ ನಂದಿಯಲ್ಲೇ ಇದೆ. ಅಲ್ಲಿ ಮಂಟಪ ಕಟ್ಟಿದವರು ಖಾಲಿ ಜಾಗ ಹುಡುಕಿದರು, ಪ್ರಾಕಾರ ಎತ್ತಿದವರು ಹೊರಗೆ ಸರಿದು ನಿಂತರು. ಬೆಸೆಯುವ ಗೋಡೆ ಎರಡು ಗುಡಿಗಳ ನಡುವಿನ ಸಂದನ್ನು ಮುಚ್ಚಿತು ಎಂಬುದು ನಿಜ. ಆದರೂ ಅದನ್ನು ಕಟ್ಟಿದವರು ಅರೆಗಂಬಗಳನ್ನು ಬಿಡಿಸಿ, ಹಳೆಯದಕ್ಕೆ ಒಪ್ಪುವಂತೆ ಎಬ್ಬಿಸಿದರು. ಬಣ್ಣದ ಡಬ್ಬ ಹಾಗಲ್ಲ. ಅದು ಅಕ್ಷರವನ್ನೇ ನುಂಗುತ್ತದೆ. ಸುಣ್ಣ ಬಣ್ಣದ ಪದರಗಳ ಅಡಿ ಶಾಸನದ ಒಂದು ಸಾಲು ಹೋದರೆ, ಎಣ್ಣೆ ಬಿಟ್ಟ ಯಾರೋ ಒಬ್ಬ ರೈತನ ಹೆಸರು ಹೋದಂತೆ. ಹಿಂದಿನವರದನ್ನು ಅಳಿಸುವುದಕ್ಕೆ ಸೇವೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಳೆಯದನ್ನು ಅಳಿಸದೆ ಹೊಸದನ್ನು ಸೇರಿಸುವುದು ಹೇಗೆಂಬುದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಇನ್ನೂ ಸ್ಪಷ್ಟ. ವಿದುರ ನೆಟ್ಟನೆಂಬ ಅಶ್ವತ್ಥದ ಕ್ಷೇತ್ರ ಅದು. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ಆಯಿತು. ಸತ್ತವರು 32 ಮಂದಿ ಎಂದು ಜನ ಇಂದಿಗೂ ಲೆಕ್ಕ ಹೇಳುತ್ತಾರೆ. ಆ ಬಲಿದಾನಕ್ಕೆ ಸ್ಮಾರಕ ಎದ್ದಿತು, ವೀರಸೌಧ ಬಂತು. ಅದಕ್ಕಾಗಿ ಯಾರೂ ಹರಕೆಗೆಂದು ಅಲ್ಲಿ ನಿಲ್ಲಿಸಿದ್ದ ನಾಗರಕಲ್ಲುಗಳನ್ನು ಕೀಳಲಿಲ್ಲ. ಹರಕೆ ಹೊತ್ತವರು ಈಗಲೂ ಹೊಸ ಕಲ್ಲು ತಂದು, ಅರಿಸಿನ ಕುಂಕುಮ ಹಚ್ಚಿ, ಸವೆದ ಹಳೆಯ ಕಲ್ಲಿನ ಪಕ್ಕಕ್ಕೇ ನಿಲ್ಲಿಸುತ್ತಾರೆ.