ಗಿಣ್ಣು ಹಂಚುವ ಮುನ್ನ

(ಮಹಿಳಾ ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ಹಳ್ಳಿಗಳಲ್ಲಿ ಹಸು ಕರು ಹಾಕಿದ ಸುದ್ದಿ ನೆರೆಮನೆಗೆ ಗಿಣ್ಣಿನ ಬಟ್ಟಲಿನೊಡನೆ ತಲುಪುತ್ತದೆ. ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅವರು ಒಂದು ಹಿಡಿ ಅಕ್ಕಿಯನ್ನೋ, ತುಂಡು ಬೆಲ್ಲವನ್ನೋ ಹಾಕಿ ಕಳುಹಿಸುತ್ತಾರೆ. ಈಗ ಗಿಣ್ಣಿನ ಚಿತ್ರವೂ, ಮಾಡುವ ವಿಧಾನವೂ ಮೊಬೈಲಿನಲ್ಲಿ ಪೇಟೆಯ ಮಗಳಿಗೆ, ದೂರದೂರಿನ ನೆಂಟರಿಗೆ ಹೋಗುತ್ತಿವೆ. ಮನೆಯ ಅಡುಗೆಯನ್ನು ಹೀಗೆ ಹಂಚಿಕೊಳ್ಳುವುದು ಸಂತೋಷದ ವಿಷಯವೇ. ಆದರೆ ಹಂಚುವ ಮುನ್ನ ಪಾಲಿನ ಲೆಕ್ಕ ಸರಿಯಾಗಿರಬೇಕು.

ಮೊದಲ ಪಾಲು ಕರುವಿನದು. ಮನುಷ್ಯರ ಮಗು ತಾಯಿಯ ಗರ್ಭದಲ್ಲಿಯೇ ಸ್ವಲ್ಪ ರೋಗನಿರೋಧಕ ಶಕ್ತಿ ಪಡೆದು ಹುಟ್ಟುತ್ತದೆ. ಕರುವಿಗೆ ಹಾಗಿಲ್ಲ, ಅದಕ್ಕೆ ಆ ಶಕ್ತಿ ಬರುವುದು ಗಿಣ್ಣು ಹಾಲಿನಿಂದಲೇ. ಅದನ್ನು ಹೀರಿಕೊಳ್ಳುವ ಕರುಳಿನ ಸಾಮರ್ಥ್ಯ ಗಂಟೆಗಂಟೆಗೂ ಇಳಿಯುತ್ತಾ, 24 ಗಂಟೆಗಳಲ್ಲಿ ಬಹುಮಟ್ಟಿಗೆ ನಿಂತುಹೋಗುತ್ತದೆ. ಆದ್ದರಿಂದ ಹುಟ್ಟಿದ ಒಂದು ಗಂಟೆಯೊಳಗೆ ಮೊದಲ ಸಲ ಕುಡಿಸಿ. ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 30 ಕಿಲೋ ಕರುವಿಗೆ ಸುಮಾರು 3 ಲೀಟರ್ ಹಾಲನ್ನು ಮೊದಲ ದಿನವೇ ಎರಡು ಮೂರು ಬಾರಿಯಾಗಿ ಕೊಡಬೇಕು. ಸತ್ತೆ (ಮಾಸು) ಬೀಳುವವರೆಗೆ ಕುಡಿಸಬಾರದು ಎಂಬ ಮಾತು ಕೆಲವು ಕಡೆ ಇದೆ. ದಯವಿಟ್ಟು ಅದಕ್ಕೆ ಕಾಯಬೇಡಿ.

ಗಂಡು ಕರುವಿಗೂ ಇದೇ ಲೆಕ್ಕ. ಪೇಟೆಯಲ್ಲಿ ಗಿಣ್ಣು ಹಾಲಿಗೆ ಕೇಳಿದಷ್ಟು ಬೆಲೆ ಸಿಗುತ್ತದೆಂದು ಮೊದಲ ಕರಾವನ್ನೇ ಮಾರಿದರೆ, ಮುಂದೆ ಭೇದಿ, ನ್ಯುಮೋನಿಯಾ ಬಂದಾಗ ಔಷಧಿಗೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಎಷ್ಟೋ ಸಲ ಕರುವೇ ಉಳಿಯುವುದಿಲ್ಲ. ಇಂದಿನ ಹೆಣ್ಣು ಕರು ನಾಳೆ ನಿಮ್ಮ ಕೊಟ್ಟಿಗೆಯ ಹಸು ಎಂಬುದನ್ನು ಮರೆಯಬಾರದು.

ಕರು ಕುಡಿದು ಮಿಕ್ಕಿದ್ದು ಮನೆಗೆ, ನೆರೆಹೊರೆಗೆ. ಗಿಣ್ಣು ಹಾಲನ್ನು ಸಂಘಕ್ಕೆ ಮಾತ್ರ ತರಬೇಡಿ. ಅದರಲ್ಲಿ ಪ್ರೋಟೀನ್ ಹೆಚ್ಚಾಗಿರುವುದರಿಂದ ಕಾಯಿಸಿದರೆ ಗಟ್ಟಿಯಾಗುತ್ತದೆ. ನಿಮ್ಮ ಒಂದು ಕ್ಯಾನು ಊರಿನವರ ಹಾಲನ್ನೆಲ್ಲಾ ಕೆಡಿಸಬಹುದು.

ಮಾಡುವ ವಿಧಾನವನ್ನು ಇನ್ನೊಬ್ಬರಿಗೆ ತಿಳಿಸುವಾಗ ಅಳತೆಯನ್ನೂ ತಿಳಿಸಿ. ಮೊದಲ ದಿನದ ಗಿಣ್ಣು ಹಾಲು ಒಂದು ಲೋಟಕ್ಕೆ ಮಾಮೂಲಿ ಹಾಲು ಒಂದು ಲೋಟ, ಪುಡಿ ಮಾಡಿದ ಬೆಲ್ಲ ಅರ್ಧದಿಂದ ಮುಕ್ಕಾಲು ಲೋಟ. ಬೆಲ್ಲ ಕರಗಿದ ಮೇಲೆ ಶೋಧಿಸಿ, ಏಲಕ್ಕಿ ಪುಡಿ ಹಾಕಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಅರ್ಧ ಗಂಟೆ ಬೇಯಿಸಿ. ನಡುವೆ ಚಾಕು ಚುಚ್ಚಿದರೆ ಅಂಟದೆ ಬರಬೇಕು. ಮೂರನೆಯ ದಿನದ ಹೊತ್ತಿಗೆ ಹಾಲು ತೆಳುವಾಗುವುದರಿಂದ ಮಾಮೂಲಿ ಹಾಲು ಬೆರೆಸುವುದು ಬೇಡ. ಅದೇ ದಿನ ತಿಂದು ಮುಗಿಸಿ.

ಎರಡು ಎಚ್ಚರಿಕೆಗಳು. ಹಸು ಕಂದು ಹಾಕಿದ್ದರೆ ಆ ಹಾಲನ್ನು ಯಾರಿಗೂ ಕೊಡಬೇಡಿ. ಬ್ರುಸೆಲ್ಲೋಸಿಸ್ ರೋಗ ಹಸಿ ಹಾಲಿನಿಂದ ಮನುಷ್ಯರಿಗೂ ತಗಲುತ್ತದೆ. ಪಶುವೈದ್ಯರಿಗೆ ತಿಳಿಸಿ. ಹಾಲು ಬತ್ತಿಸುವಾಗ ಕೆಚ್ಚಲಿಗೆ ಔಷಧಿ ಏರಿಸಿದ್ದರೆ, ಅಥವಾ ಕೆಚ್ಚಲು ಬಾವಿಗೆ ಚಿಕಿತ್ಸೆ ನಡೆದಿದ್ದರೆ, ಎಷ್ಟು ದಿನ ಬಳಸಬಾರದೆಂದು ವೈದ್ಯರನ್ನೇ ಕೇಳಿ. ಸಂಘಕ್ಕೆ ಆಗದ ಔಷಧಿಯ ಹಾಲು ನೆರೆಮನೆಯ ಮಗುವಿಗೂ ಆಗದು.

ತಾಯಂದಿರೇ, ಮುಂದಿನ ಸಲ ಗಿಣ್ಣಿನ ಚಿತ್ರ ಕಳುಹಿಸುವಾಗ ಅದರ ಕೆಳಗೆ ಒಂದು ಸಾಲು ಬರೆಯಿರಿ: “ಕರು ಹೊಟ್ಟೆ ತುಂಬಾ ಕುಡಿದ ಮೇಲೆ ಮಾಡಿದ್ದು.” ಓದಿದವರು ತಮ್ಮ ಕೊಟ್ಟಿಗೆಯಲ್ಲೂ ಹಾಗೆಯೇ ಮಾಡಲಿ ಎಂದು ಆಶಿಸಿ ನನ್ನ ಮಾತನ್ನು ಮುಗಿಸುತ್ತೇನೆ.