ಹೇಂಟೆ ಯಾಕೆ ಮೊಟ್ಟೆ ಇಡ್ತಿಲ್ಲ?



ಇವತ್ತು ನಾವು ಕೋಳಿಯ ಮಾತು ಆಡೋಣ. ಕೋಳಿ ಅಂದರೆ ಚಿಕ್ಕ ವಿಷಯ ಅಂತ ಕೆಲವರು ನಗಬಹುದು. ನಗಲಿ ಬಿಡಿ. ನಮಗೆ ಅದು ಚಿಕ್ಕದಲ್ಲ. ಬೆಳೆ ಮಾರಿದ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ನಿಮಗೇ ಗೊತ್ತು. ಆದರೆ ಮೊಟ್ಟೆ ಮಾರಿದ ದುಡ್ಡು ಬಹಳ ಮನೆಗಳಲ್ಲಿ ಹೆಂಗಸರ ಕೈಯಲ್ಲೇ ಉಳಿಯುತ್ತದೆ. ಮಗುವಿನ ಪುಸ್ತಕ, ಜ್ವರದ ಮಾತ್ರೆ, ಸಂಘದ ಕಂತು, ಎಲ್ಲಕ್ಕೂ ಅದೇ ಆಧಾರ. ಮಾರದೇ ಇಟ್ಟರೆ ಮಕ್ಕಳ ಹೊಟ್ಟೆಗಾದರೂ ಆಗುತ್ತದೆ.

ಇಂಥ ಕೋಳಿ ಒಂದು ದಿನ ಮೊಟ್ಟೆ ನಿಲ್ಲಿಸುತ್ತದೆ. ಮೂರು ದಿನ ಕಾಯುತ್ತೇವೆ. ಎಂಟು ದಿನ ಕಾಯುತ್ತೇವೆ. ಆಮೇಲೆ ಮಾತು ಶುರು. "ಪಕ್ಕದ ಮನೆಯವಳ ಕಣ್ಣು ಬಿತ್ತು" ಅಂತ ಒಬ್ಬರು. "ಯಾರೋ ಏನೋ ಮಾಡಿಸಿದ್ದಾರೆ" ಅಂತ ಇನ್ನೊಬ್ಬರು. "ದಂಡಕ್ಕೆ ಕಾಳು ತಿನ್ನುತ್ತೆ, ಮಾರಿಬಿಡು ಅತ್ಲಾಗೆ" ಅಂತ ಮನೆ ಯಜಮಾನರು. ಕೋಳಿ ಕೊಳ್ಳುವವನು ಬಾಗಿಲಿಗೇ ಬರುತ್ತಾನೆ. ಕೇಳಿದ ಬೆಲೆಗೆ ಕೊಟ್ಟುಬಿಡುತ್ತೇವೆ. ಅತ್ತ ಕೋಳಿ ಹೋಯಿತು. ಇತ್ತ ನೆರೆಯವಳ ಜೊತೆ ಮಾತೂ ನಿಂತಿತು.

ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಇದೆ. ನಾವು ಹೇಳೋದು ಇಷ್ಟೇ. ಮಾರುವ ಮೊದಲು, ಬೈಯುವ ಮೊದಲು, ಕೋಳಿಯನ್ನು ಕೈಗೆ ಎತ್ತಿಕೊಂಡು ನೋಡಿ. ಬಹಳ ಸಲ ಕೋಳಿ ಕೆಟ್ಟಿರುವುದಿಲ್ಲ. ಅದು ದಣಿವು ಆರಿಸಿಕೊಳ್ಳುತ್ತಿರುತ್ತದೆ. ಇಲ್ಲವೇ ಅದಕ್ಕೆ ಏನೋ ಕಡಿಮೆ ಬಿದ್ದಿರುತ್ತದೆ.

ನಿಜವಾಗಿ ನಿಲ್ಲಿಸಿದೆಯೇ?

ಮೊದಲು ಇದನ್ನು ನೋಡೋಣ. ಕೋಳಿಗೆ ಕಳ್ಳ ಬುದ್ಧಿ. ದಿನಾ ಮೊಟ್ಟೆ ಇಡುವ ಮಂಕರಿಯಲ್ಲಿ ತೇವ ಆಗಿದ್ದರೆ, ನಾಯಿ ಕಾಟ ಇದ್ದರೆ, ಅದು ಜಾಗ ಬದಲಿಸುತ್ತದೆ. ಬೇಲಿ ಸಂದಿ, ಹುಲ್ಲಿನ ಬಣವೆ, ಸೌದೆ ರಾಶಿಯ ಹಿಂದೆ ಹೋಗಿ ಇಡುತ್ತದೆ. ನಮಗೆ ಕಾಣುವುದಿಲ್ಲ. ಮುಂಗುಸಿಗೆ, ಕೇರೆ ಹಾವಿಗೆ, ಕಾಗೆಗೆ ಕಾಣುತ್ತದೆ.

ಹಾಗಾದರೆ ತಿಳಿಯೋದು ಹೇಗೆ? ನಾಲ್ಕೈದು ದಿನ ಬೆಳಿಗ್ಗೆ ಕೋಳಿಯನ್ನು ಹೊರಗೆ ಬಿಡಬೇಡಿ. ಹನ್ನೊಂದು ಗಂಟೆವರೆಗೆ ಗೂಡಿನಲ್ಲೇ ಇರಲಿ. ಒಳಗೆ ನೀರು, ಕಾಳು ಇಡಿ. ಇಡುವ ಕೋಳಿಯಾದರೆ ಬಹಳ ಸಲ ಅಲ್ಲೇ ಇಟ್ಟುಬಿಡುತ್ತದೆ.

ಇನ್ನೊಂದು ಪರೀಕ್ಷೆ ಇದೆ. ಕೋಳಿಯನ್ನು ಮೆಲ್ಲಗೆ ಹಿಡಿದುಕೊಳ್ಳಿ. ಮೊಟ್ಟೆ ಬರುವ ಜಾಗದ ಕೆಳಗೆ ಎರಡು ಸಣ್ಣ ಮೂಳೆಯ ತುದಿ ಕೈಗೆ ಸಿಗುತ್ತವೆ. ಎರಡರ ನಡುವೆ ಎರಡು ಮೂರು ಬೆರಳು ಹಿಡಿಸಿದರೆ ಕೋಳಿ ಮೊಟ್ಟೆ ಇಡುತ್ತಿದೆ ಅಂತ ಅರ್ಥ. ಒಂದೇ ಬೆರಳು ಹಿಡಿಸಿದರೆ ಇಡುತ್ತಿಲ್ಲ. ಜುಟ್ಟನ್ನೂ ನೋಡಿ. ಇಡುವ ಕೋಳಿಯ ಜುಟ್ಟು ಕೆಂಪಗೆ, ದಪ್ಪಗೆ ಇರುತ್ತದೆ. ನಿಲ್ಲಿಸಿದ ಕೋಳಿಯದು ಬಿಳಿಚಿಕೊಂಡು ಮುದುಡಿರುತ್ತದೆ.

ಗೂಡಿನ ಹುಲ್ಲಿನಲ್ಲಿ ಹಳದಿ ಅಂಟು, ಸಿಪ್ಪೆ ಚೂರು ಕಂಡರೆ? ಆಗ ಕೋಳಿಯೇ ತನ್ನ ಮೊಟ್ಟೆ ಕುಕ್ಕಿ ತಿನ್ನುತ್ತಿರಬಹುದು. ಮೊಟ್ಟೆ ಇಟ್ಟ ಕೂಡಲೇ ತೆಗೆಯಿರಿ. ಗೂಡಿಗೆ ಒಣಹುಲ್ಲು ಜಾಸ್ತಿ ಹಾಕಿ. ಗೂಡು ಸ್ವಲ್ಪ ಕತ್ತಲಾಗಿರಲಿ.

"ನಮ್ಮನೇಲಿ ಹುಂಜ ಇಲ್ಲ, ಅದಕ್ಕೇ ಇಡ್ತಿಲ್ಲ" ಅಂತ ಕೆಲವರು ಅನ್ನುತ್ತಾರೆ. ಅದು ಸರಿಯಲ್ಲ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯಿಂದ ಮರಿ ಆಗುವುದಿಲ್ಲ, ಅಷ್ಟೇ.

ದಣಿವು ಆರಿಸಿಕೊಳ್ಳುವ ಕೋಳಿ

ಒಂದು ಮೊಟ್ಟೆ ತಯಾರಾಗಲು ಕೋಳಿಯ ಹೊಟ್ಟೆಯಲ್ಲಿ ಸುಮಾರು 25 ಗಂಟೆ ಬೇಕು. ಅದರಲ್ಲಿ ಸಿಪ್ಪೆ ಒಂದಕ್ಕೇ ಸುಮಾರು 20 ಗಂಟೆ ಹಿಡಿಯುತ್ತದೆ. ದಿನಕ್ಕೆ 24 ಗಂಟೆ ತಾನೇ? ಅದಕ್ಕೇ ಇವತ್ತಿಗಿಂತ ನಾಳೆಯ ಮೊಟ್ಟೆ ತಡವಾಗುತ್ತದೆ. ತಡವಾಗುತ್ತಾ ಆಗುತ್ತಾ ಒಂದು ದಿನ ಬಿಟ್ಟೇ ಹೋಗುತ್ತದೆ. ನಡುವೆ ಒಂದು ದಿನ ಇಡದಿದ್ದರೆ ಗಾಬರಿ ಬೇಡ.

ಈಗ ನಮ್ಮ ನಾಟಿ ಕೋಳಿಯ ಲೆಕ್ಕ ನೋಡಿ. ಜವಾರಿ ಕೋಳಿ ಅಂತಲೂ ಅನ್ನುತ್ತಾರೆ. ಅದು ಒಂದು ಸರದಿಗೆ 12ರಿಂದ 15 ಮೊಟ್ಟೆ ಇಡುತ್ತದೆ. ಆಮೇಲೆ ಕಾವಿಗೆ ಕೂರುತ್ತದೆ. 21 ದಿನ ಕಾವು. ಮರಿ ಆದ ಮೇಲೆ ಎರಡು ತಿಂಗಳು, ಇನ್ನೂ ಜಾಸ್ತಿ ದಿನ, ಮರಿಗಳನ್ನು ಕಟ್ಟಿಕೊಂಡು ತಿರುಗುತ್ತದೆ. ಅಷ್ಟು ದಿನವೂ ಮೊಟ್ಟೆ ಇಲ್ಲ. ವರ್ಷದಲ್ಲಿ ಮೂರು ನಾಲ್ಕು ಸಲ ಹೀಗೆ. 15ನ್ನು 4ರಿಂದ ಗುಣಿಸಿ. 60 ಆಯಿತು. ನಾಟಿ ಕೋಳಿ ವರ್ಷಕ್ಕೆ ಕೊಡುವುದೇ ಸುಮಾರು 50, 60 ಮೊಟ್ಟೆ. ವರ್ಷದ 365 ದಿನದಲ್ಲಿ ಬಹಳ ದಿನ ಅದು ಇಡುವುದೇ ಇಲ್ಲ!

ಬೆಂಗಳೂರಿನ ಹೆಬ್ಬಾಳದಲ್ಲಿ ತಳಿ ಮಾಡಿದ ಗಿರಿರಾಜ ಕೋಳಿ ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ ಇಡುತ್ತದೆ. ಆದರೆ ಅದು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಕಾವು ಕೊಟ್ಟು ಮರಿ ಮಾಡಲು ನಾಟಿ ಕೋಳಿಯೇ ಬೇಕು.

ಕಾವಿಗೆ ಬಂದ ಕೋಳಿಯನ್ನು ಗುರುತಿಸೋದು ಸುಲಭ. ಗೂಡು ಬಿಟ್ಟು ಏಳುವುದಿಲ್ಲ. ಪುಕ್ಕ ಉಬ್ಬಿಸಿಕೊಂಡು ಕೂತಿರುತ್ತದೆ. ಹತ್ತಿರ ಹೋದರೆ ಗುರ್ ಅನ್ನುತ್ತದೆ, ಕುಕ್ಕುತ್ತದೆ. ನಿಮಗೆ ಮರಿ ಬೇಕಾದರೆ ಒಳ್ಳೆಯ ಮೊಟ್ಟೆ ಇಟ್ಟು ಕೂರಿಸಿ. ಮರಿ ಬೇಡವಾದರೆ? ಕೆಲವರು ನೀರಿನಲ್ಲಿ ಮುಳುಗಿಸುತ್ತಾರೆ. ಮೂಗಿಗೆ ಪುಕ್ಕ ಚುಚ್ಚುತ್ತಾರೆ. ಹಾಗೆ ಮಾಡಬೇಡಿ. ಅದು ಹಿಂಸೆ, ಗಾಯವೂ ಆಗುತ್ತದೆ. ಗಾಳಿ ಆಡುವ ಬಿದಿರು ಪಂಜರದಲ್ಲಿ ಹುಲ್ಲು ಹಾಕದೆ ಮೂರು ನಾಲ್ಕು ದಿನ ಇಡಿ. ನೀರು, ಕಾಳು ತಪ್ಪಿಸಬೇಡಿ. ಹೊಟ್ಟೆಯ ಅಡಿಗೆ ತಂಪು ಗಾಳಿ ತಾಗಿದರೆ ಕಾವು ಇಳಿಯುತ್ತದೆ. ಎರಡು ಮೂರು ವಾರದಲ್ಲಿ ಮತ್ತೆ ಮೊಟ್ಟೆಗೆ ಬರುತ್ತದೆ.

ಎರಡನೆಯದು, ಪುಕ್ಕ ಉದುರುವುದು. ವರ್ಷಕ್ಕೆ ಒಂದು ಸಲ ಕೋಳಿ ಹಳೇ ಪುಕ್ಕ ಬಿಟ್ಟು ಹೊಸದು ತೊಡುತ್ತದೆ. ಕತ್ತು, ಬೆನ್ನು ಬೋಳಾಗಿ ನೋಡಲು ಅಸಹ್ಯವಾಗಿರುತ್ತದೆ. ರೋಗ ಬಂತು ಅಂತ ಹೆದರಿ ಮಾರುವುದು ಈಗಲೇ. ಆದರೆ ಇದು ರೋಗ ಅಲ್ಲ. ತಿಂದ ಸಾರವೆಲ್ಲ ಪುಕ್ಕಕ್ಕೆ ಹೋಗುತ್ತದೆ, ಅದಕ್ಕೇ ಮೊಟ್ಟೆ ನಿಲ್ಲುತ್ತದೆ. ಎರಡು ಮೂರು ತಿಂಗಳು ತಾಳಿಕೊಳ್ಳಿ. ಚೆನ್ನಾಗಿ ತಿನ್ನಿಸಿ. ಹೊಸ ಪುಕ್ಕದ ಜೊತೆ ಮೊಟ್ಟೆಯೂ ಬರುತ್ತದೆ.

ಮೂರನೆಯದು, ಬೆಳಕು. ಬೆಳಕು ಕೋಳಿಯ ಮಿದುಳಿಗೆ ಮುಟ್ಟಿದರೆ ತಾನೇ ಮೊಟ್ಟೆಯ ಕೆಲಸ ನಡೆಯೋದು. ಚೆನ್ನಾಗಿ ಇಡಲು 14 ಗಂಟೆ ಮೇಲೆ ಬೆಳಕು ಬೇಕು. ಮಾಗಿ ಚಳಿಯಲ್ಲಿ ನಮ್ಮ ಕಡೆ ಹಗಲು ಹನ್ನೊಂದೂವರೆ ಗಂಟೆಗೂ ಇಳಿಯುತ್ತದೆ. ಅದಕ್ಕೇ ಆಗ ಮೊಟ್ಟೆ ಕಡಿಮೆ. ಸಂಕ್ರಾಂತಿ ಕಳೆದು ಹಗಲು ಬೆಳೆದಂತೆ ಸರಿಹೋಗುತ್ತದೆ.

ನಾಲ್ಕನೆಯದು, ವಯಸ್ಸು. ನಾಟಿ ಹೇಂಟೆ ಆರೇಳು ತಿಂಗಳಿಗೆ ಮೊದಲ ಮೊಟ್ಟೆ ಇಡುತ್ತದೆ. ಮೂರು ವರ್ಷ ದಾಟಿದ ಮೇಲೆ ಮೊಟ್ಟೆ ಇಳಿಯುತ್ತಾ ಬರುತ್ತದೆ. ಮಾರುವುದಿದ್ದರೆ ಅಂಥ ಕೋಳಿಯನ್ನು ಮಾರಿ. ಪುಕ್ಕ ಉದುರಿದ ಎಳೆ ಕೋಳಿಯನ್ನು ಮಾರಬೇಡಿ.

ಹೊಟ್ಟೆಗೆ ಏನು ಕಡಿಮೆ?

ಮೇಲಿನದು ಯಾವುದೂ ಅಲ್ಲ ಅಂದರೆ ಕೋಳಿಯ ಹೊಟ್ಟೆ ನೋಡಬೇಕು. ದೊಡ್ಡ ಕೋಳಿಗೆ ದಿನಕ್ಕೆ ಸುಮಾರು 100 ಗ್ರಾಂ ಆಹಾರ ಬೇಕು. ತಿಪ್ಪೆ ಕೆದಕಿ, ಹುಳ ಹುಪ್ಪಟೆ ಹೆಕ್ಕಿ ಅದು ಒಂದಷ್ಟು ದುಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಹುಳ ಎಲ್ಲಿ ಸಿಗುತ್ತದೆ? ಆಗ ನಾವು ಎರಡು ಹಿಡಿ ಹಾಕಬೇಕು. ಬರೀ ರಾಗಿ, ಅಕ್ಕಿ ನುಚ್ಚು ಸಾಲದು. ಕಡಲೆಕಾಯಿ ಹಿಂಡಿ, ಗೆದ್ದಲು, ನುಗ್ಗೆ ಸೊಪ್ಪು ಸೇರಿಸಿ. ಬೂಷ್ಟು ಹಿಡಿದ ಜೋಳ, ಬೂಷ್ಟು ಹಿಡಿದ ಹಿಂಡಿ ಮಾತ್ರ ಹಾಕಬೇಡಿ. ಅದು ವಿಷ.

ನೀರನ್ನು ಎಲ್ಲರೂ ಮರೆಯುತ್ತಾರೆ. ಒಂದು ಕೋಳಿ ದಿನಕ್ಕೆ ಕಾಲು ಲೀಟರ್ ನೀರು ಕುಡಿಯುತ್ತದೆ. ಬಿಸಿಲಿನಲ್ಲಿ ಅದರ ಎರಡರಷ್ಟು. ಒಂದು ದಿನ ನೀರು ತಪ್ಪಿದರೂ ಮೊಟ್ಟೆಗೆ ಪೆಟ್ಟು. ನೆರಳಿನಲ್ಲಿ ಮಣ್ಣಿನ ಬೋಗುಣಿ ಇಡಿ. ದಿನಾ ತೊಳೆದು ತುಂಬಿ.

ಸಿಪ್ಪೆ ತೆಳ್ಳಗಿದ್ದರೆ, ಮೆತ್ತಗಿದ್ದರೆ ಸುಣ್ಣದ ಅಂಶ ಕಡಿಮೆ ಅಂತ ತಿಳಿಯಿರಿ. ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಕಪ್ಪೆಚಿಪ್ಪು, ಶಂಖದ ಹುಳದ ಚಿಪ್ಪು ಕುಟ್ಟಿ ಹಾಕಿ. ಮೊಟ್ಟೆ ಸಿಪ್ಪೆಯನ್ನೂ ಹಾಕಬಹುದು. ಆದರೆ ಹುರಿದು ಪುಡಿ ಮಾಡಿ ಹಾಕಿ. ಹಾಗೇ ಹಾಕಿದರೆ ಮೊಟ್ಟೆ ತಿನ್ನುವ ಚಟ ಹತ್ತುತ್ತದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಹಾಕಬೇಡಿ. ಬಾಯಿ ಸುಡುತ್ತದೆ.

ರಾತ್ರಿಯ ಕಳ್ಳರು

ಕೋಳಿ ಹಗಲು ಚೆನ್ನಾಗಿ ತಿನ್ನುತ್ತದೆ. ಆದರೂ ಬಡಕಲು. ಜುಟ್ಟು ಬಿಳಿಚಿದೆ. ಯಾಕೆ? ರಾತ್ರಿ ಬ್ಯಾಟರಿ ಹಿಡಿದು ಗೂಡು ನೋಡಿ. ಉಣ್ಣೆಗಳು ಹಗಲು ಗೋಡೆ ಬಿರುಕಿನಲ್ಲಿ ಅಡಗಿದ್ದು, ರಾತ್ರಿ ಬಂದು ರಕ್ತ ಹೀರುತ್ತವೆ. ರೆಕ್ಕೆ ಸಂದಿಯಲ್ಲಿ ಹೇನು ಇರಬಹುದು. ಗೂಡಿನ ಬಿರುಕು ಮುಚ್ಚಿ, ಸುಣ್ಣ ಬಳಿಯಿರಿ. ಹಳೇ ಹುಲ್ಲು ಸುಟ್ಟುಹಾಕಿ. ಒಲೆಯ ತಣ್ಣನೆಯ ಬೂದಿ, ಮಣ್ಣು ಬೆರೆಸಿ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ. ಕೋಳಿ ಅದರಲ್ಲಿ ಹೊರಳಿ ತಾನೇ ಮೈ ಶುದ್ಧ ಮಾಡಿಕೊಳ್ಳುತ್ತದೆ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಕೋಳಿಗೆ ಹಚ್ಚಲೇಬೇಡಿ. ಕೋಳಿಯೂ ಸಾಯುತ್ತದೆ, ಮೊಟ್ಟೆಯೂ ವಿಷವಾಗುತ್ತದೆ. ಹೊಟ್ಟೆಯ ಜಂತುಹುಳಕ್ಕೆ ಪಶು ಆಸ್ಪತ್ರೆಯಲ್ಲಿ ಕೇಳಿ ಔಷಧಿ ಹಾಕಿಸಿ.

ಕಾಯಿಲೆ ಬಂದಿದ್ದರೆ

ಮೊಟ್ಟೆ ನಿಂತಿದೆ. ಜೊತೆಗೆ ಕೋಳಿ ತೂಕಡಿಸುತ್ತದೆ. ಹಸಿರು ಬಿಳಿ ಭೇದಿ. ಬಾಯಿ ತೆರೆದು ಉಸಿರಾಡುತ್ತದೆ. ಕತ್ತು ತಿರುಚಿಕೊಳ್ಳುತ್ತದೆ. ಇದು ಕೊಕ್ಕರೆ ರೋಗ ಇರಬಹುದು. ಇದಕ್ಕೆ ರಾಣಿಖೇತ್ ರೋಗ ಅಂತಲೂ ಹೆಸರು. ನಮ್ಮ ದೇಶದಲ್ಲಿ 1927ರಲ್ಲಿ ಇದನ್ನು ಮೊದಲು ಗುರುತಿಸಿದ್ದು ಹಿಮಾಲಯದ ರಾಣಿಖೇತ್ ಊರಿನಲ್ಲಿ. ಬಂದ ಮೇಲೆ ಗುಣ ಮಾಡುವ ಔಷಧಿ ಇಲ್ಲ. ಬರುವ ಮೊದಲು ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹನಿ, ಆಮೇಲೆ ಆರರಿಂದ ಎಂಟು ವಾರಕ್ಕೆ ಸೂಜಿ. ಪಶು ಆಸ್ಪತ್ರೆಯಲ್ಲಿ ಕೇಳಿ.

ಇಲ್ಲಿ ಒಂದು ಮಾತು. ಲಸಿಕೆಯ ಒಂದು ಬಾಟಲಿ ಬಹಳ ಕೋಳಿಗಳಿಗೆ ಆಗುತ್ತದೆ. ಒಡೆದ ಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ. ಒಂದೇ ಮನೆಗೆ ತಂದರೆ ದಂಡ. ಹತ್ತು ಮನೆಯವರು ಸೇರಿ ಒಂದೇ ದಿನ ಹಾಕಿಸಿದರೆ ಎಲ್ಲರಿಗೂ ಲಾಭ. ನಮ್ಮ ಕೋಳಿಗೆ ಹಾಕಿಸಿ ಪಕ್ಕದ ಮನೆಯದನ್ನು ಬಿಟ್ಟರೆ ರೋಗ ಬೇಲಿಯ ಆಚೆಯೇ ಕಾಯುತ್ತಿರುತ್ತದೆ. ಕಣ್ಣು ಬಿತ್ತು ಅಂತ ಯಾರನ್ನು ದೂರಿದೆವೋ, ಅವರನ್ನೇ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಬೇಕು.

ಬಹಳ ಕೋಳಿ ಒಟ್ಟಿಗೆ ದಿಢೀರ್ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ. ಅಡುಗೆ ಮಾಡಬೇಡಿ. ಮಾರಬೇಡಿ. ಕೂಡಲೇ ಪಶು ವೈದ್ಯರಿಗೆ ತಿಳಿಸಿ. ಅದು ಹಕ್ಕಿ ಜ್ವರ ಇರಬಹುದು. 2025ರಲ್ಲಿ ನಮ್ಮ ರಾಜ್ಯದ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿಯೂ ಅದು ಕಾಣಿಸಿಕೊಂಡಿತ್ತು.

ಬರೆದಿಟ್ಟರೆ ಉಳಿಯುತ್ತದೆ

ಈಗ ನಮಗೆ ಅಕ್ಷರ ಬಂದಿದೆ. ಅಂಕಿ ಬಂದಿದೆ. ಅದನ್ನು ಕೋಳಿ ಗೂಡಿಗೂ ಕರೆದುಕೊಂಡು ಹೋಗೋಣ. ಗೋಡೆಯ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಬರೆಯಿರಿ. ಮೊಟ್ಟೆ ಇಟ್ಟ ದಿನ 1. ಇಡದ ದಿನ 0. ಕಾವಿಗೆ ಕೂತ ದಿನ "ಕಾವು". ಪುಕ್ಕ ಉದುರಿದರೆ "ಪುಕ್ಕ". ಲಸಿಕೆ ಹಾಕಿಸಿದ ದಿನ "ಲಸಿಕೆ". ಎರಡು ಮೂರು ಕೋಳಿ ಇದ್ದರೆ ಕಾಲಿಗೆ ಬೇರೆ ಬೇರೆ ಬಣ್ಣದ ದಾರ ಸಡಿಲವಾಗಿ ಕಟ್ಟಿ.

ವರ್ಷ ಆದ ಮೇಲೆ ಕೂಡಿಸಿ ನೋಡಿ. ಒಟ್ಟು ಎಷ್ಟು ಮೊಟ್ಟೆ? ನಿಮ್ಮ ಸಂತೆಯಲ್ಲಿ ನಾಟಿ ಮೊಟ್ಟೆಗೆ ಎಷ್ಟು ರೂಪಾಯಿ? ಗುಣಿಸಿ. ಕೋಳಿ ಕೊಳ್ಳುವವನು ಕೇಳಿದ ಬೆಲೆ ಅದರ ಪಕ್ಕದಲ್ಲಿ ಬರೆಯಿರಿ. "ಮಾರಿಬಿಡು" ಅಂದವರಿಗೆ ಆ ಹಾಳೆ ತೋರಿಸಿ. ಬಾಯಿ ಮಾತಿಗಿಂತ ಬರೆದ ಲೆಕ್ಕಕ್ಕೆ ತೂಕ ಜಾಸ್ತಿ.

ಇವತ್ತು ಮನೆಗೆ ಹೋಗಿ ನಿಮ್ಮ ಹೇಂಟೆಯನ್ನು ಒಂದು ಸಲ ಎತ್ತಿ ನೋಡಿ. ಜುಟ್ಟು ಹೇಗಿದೆ? ಬೆರಳು ಎಷ್ಟು ಹಿಡಿಸಿತು? ರೆಕ್ಕೆ ಸಂದಿಯಲ್ಲಿ ಏನಿದೆ? ಕಂಡಿದ್ದನ್ನು ಎರಡು ಸಾಲು ಬರೆದುಕೊಂಡು ಬನ್ನಿ. ಮುಂದಿನ ಸಲ ಸೇರಿದಾಗ ಎಲ್ಲರೂ ಓದೋಣ.