ಹಳೆಯ ಬಾಗಿಲು ಮುಚ್ಚಿ, ಸಂಘದ ಲೆಕ್ಕ ಉಳಿಸಿ

(ಸಿರವಾರದಲ್ಲಿ ನಡೆದ ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳ ತರಬೇತಿಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಹಾಲಿನ ಅಳತೆ, ಜಿಡ್ಡಿನಂಶ, ಬಟವಾಡೆಯ ಲೆಕ್ಕದ ಜೊತೆಗೆ ಗರ್ಭಧಾರಣೆ ಮತ್ತು ಲಸಿಕೆಯ ದಾಖಲೆಗಳೂ ಈಗ ಕಂಪ್ಯೂಟರಿನಲ್ಲಿವೆ. ಕಚೇರಿಯ ಸರ್ವರ್ ಕೆಟ್ಟರೆ ಬಟವಾಡೆ ನಿಲ್ಲುತ್ತದೆ; ಮೇವು, ಹಿಂಡಿಯ ಸಾಲ ಉತ್ಪಾದಕರ ತಲೆಯ ಮೇಲೆ ಉಳಿಯುತ್ತದೆ.

ಒಂದು ಕಂಪ್ಯೂಟರಿನ ಕಡತವನ್ನು ಇನ್ನೊಂದರಿಂದ ತೆರೆಯಲು ವಿಂಡೋಸ್‌ನಲ್ಲಿ ಎಸ್‌ಎಂಬಿ ಎಂಬ ವ್ಯವಸ್ಥೆ ಇದೆ. ಅದರ ಮೊದಲ ಆವೃತ್ತಿ 1980ರ ದಶಕದ್ದು. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಪಿಡುಗು ಈ ಹಳೆಯ ಆವೃತ್ತಿಯ ದೋಷವನ್ನೇ ಹಿಡಿದು ಜಗತ್ತಿನ ತುಂಬ ಹಬ್ಬಿತು. ಕಡತಗಳಿಗೆ ಬೀಗ ಹಾಕಿ, ತೆಗೆಯಲು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದೆ ಕಳಿಸಬೇಕಾಯಿತು. ನೆರೆಯ ಆಂಧ್ರದ ಪೊಲೀಸ್ ಕಂಪ್ಯೂಟರುಗಳು, ಕೇರಳದ ವಯನಾಡಿನ ಪಂಚಾಯಿತಿ ಕಚೇರಿಯೂ ಸಿಕ್ಕಿಬಿದ್ದವು. ಮೈಕ್ರೋಸಾಫ್ಟ್ ಆ ವರ್ಷ ಮಾರ್ಚ್ 14ರಂದೇ ದೋಷ ಸರಿಪಡಿಸುವ ತಂತ್ರಾಂಶ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದವರು ಕೆಟ್ಟರು.

ಕಾಲುಬಾಯಿ ಬೇನೆ ನಿಮಗೆ ಗೊತ್ತು. ಬೇನೆ ಹತ್ತಿದ ಒಂದು ಎತ್ತು ಊರ ನೀರಿನ ತೊಟ್ಟಿಗೆ ಬಾಯಿ ಹಾಕಿದರೆ ಸಾಕು. ಇದೂ ಹಾಗೆಯೇ. ಯಾರೂ ಏನನ್ನೂ ಒತ್ತದಿದ್ದರೂ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ಹಬ್ಬಿತು.

ಹಾಗಾದರೆ ಮಾಡಬೇಕಾದದ್ದೇನು?

1. ದಾಖಲೆಗಳ ಪ್ರತಿ ತೆಗೆದು, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಿ.

2. ಹಳೆಯ ಆವೃತ್ತಿಯನ್ನು ಇನ್ನೂ ಬಳಸುತ್ತಿರುವ ಯಂತ್ರ ಯಾವುದೆಂದು ಮೊದಲು ಪತ್ತೆ ಮಾಡಿಸಿ. ಸರ್ವರಿನಲ್ಲಿ ಇದರ ಆಡಿಟ್ ಸೌಲಭ್ಯವಿದೆ. ಒಂದು ಬಟವಾಡೆ ಮುಗಿಯುವವರೆಗೆ ಅದನ್ನು ಚಾಲೂ ಇಟ್ಟರೆ ಎಲ್ಲ ಯಂತ್ರಗಳೂ ಲೆಕ್ಕಕ್ಕೆ ಸಿಗುತ್ತವೆ. ಹೆಚ್ಚಾಗಿ ಸಿಗುವುದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್, ಇಲ್ಲವೇ ಹಳೆಯ ಸ್ಕ್ಯಾನರ್.

3. ಅವನ್ನು ಬದಲಾಯಿಸಿ, ಅಥವಾ ಜಾಲದಿಂದ ಬೇರ್ಪಡಿಸಿ. ಎಕ್ಸ್‌ಪಿಗೆ ಹೊಸ ಆವೃತ್ತಿ ತಿಳಿಯದು.

4. ಬಳಿಕ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ‘ಎಸ್‌ಎಂಬಿ 1.0’ ಎದುರಿನ ಗುರುತು ತೆಗೆದು, ಯಂತ್ರವನ್ನು ಮತ್ತೆ ಚಾಲೂ ಮಾಡಿ. ಎರಡು ಮತ್ತು ಮೂರನೆಯ ಆವೃತ್ತಿಗಳನ್ನು ಮುಟ್ಟಬೇಡಿ; ಕಡತ ಹಂಚಿಕೆ ನಡೆಯುವುದು ಅವುಗಳಿಂದಲೇ.

2017ರ ಕೊನೆಯಿಂದ ಬಂದ ವಿಂಡೋಸ್‌ಗಳಲ್ಲಿ ಇದು ಸಾಮಾನ್ಯವಾಗಿ ಮೊದಲೇ ಇರುವುದಿಲ್ಲ. ಆದರೆ ಹಳೆಯ ಸ್ಕ್ಯಾನರ್ ನಡೆಯಲೆಂದು ಯಾರಾದರೂ ಮತ್ತೆ ಹಾಕಿರಬಹುದು. ಆದ್ದರಿಂದ ಹೊಸ ಯಂತ್ರವನ್ನೂ ನೋಡಿ. ಒಂದು ಸ್ಕ್ಯಾನರಿನ ಬೆಲೆ ಉಳಿಸಲು ಊರಿನ ಬಟವಾಡೆಯನ್ನು ಒತ್ತೆ ಇಡುವುದು ಲಾಭದ ವ್ಯವಹಾರವಲ್ಲ.

ಲಸಿಕೆ ಹಾಕಿಸಿದ ಮೇಲೂ ಕೊಟ್ಟಿಗೆ ತೊಳೆಯುವುದನ್ನು ನಾವು ಬಿಡುವುದಿಲ್ಲ. ಹಾಗೆಯೇ ಈ ಬಾಗಿಲು ಮುಚ್ಚಿದ ಮೇಲೂ ತಿದ್ದುಪಡಿ ತಂತ್ರಾಂಶ ಹಾಕಿಸುವುದು, ಪ್ರತಿ ತೆಗೆಯುವುದು ತಪ್ಪಬಾರದು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯವನ್ನು ಇಟ್ಟು ನಿರ್ಣಯ ಮಾಡಿಸಬೇಕೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.